ಅತ್ತೆಯ ಕಾರಿನ ಹಳೇ ಸ್ಟಿಕ್ಕರ್

ಇವತ್ತು ಹಾಸನದಲ್ಲಿ, ನಾವು ಕೊಂಡುತಂದ ಹಳೇ ಕಾರಿನ ಸ್ಟಿಕ್ಕರ್ ಬಿಡಿಸುವಾಗ ಕೈಗಂಟಿದ ಕೊಬ್ಬರಿ ಎಣ್ಣೆಯ ವಾಸನೆಗೆ ಸೋದರತ್ತೆ ನೆನಪಾದರು.

ನರ್ಸ್ ಆಗಿದ್ದ ಅತ್ತೆ ಹೊಳೆನರಸೀಪುರದ ಹತ್ತಿರದ ನಮ್ಮ ಕೇರಿಗೆ ಮೊದಲ ಕಾರು ತಂದಿದ್ದರು, ಅದೂ ಸೆಕೆಂಡ್ ಹ್ಯಾಂಡ್. ಹಿಂಬದಿಯಲ್ಲಿ ಹಳೇ ಮಾಲೀಕರ ಜಾತಿಯ ಹೆಸರು ದಪ್ಪಕ್ಷರದ ಸ್ಟಿಕ್ಕರಿನಲ್ಲಿತ್ತು.

"ಇರ್ಲಿ ಬುಡು ಮಗಾ, ಅದಿದ್ರೆ ದಾರೀಲಿ ಯಾರೂ ತಡ್ಯಾಕಿಲ್ಲ," ಎಂದರು ಅಜ್ಜಿ.

"ನಮ್ ಕಾರು ನಮ್ ಕಾರಂಗೇ ಓಗ್ಲಿ ಕಣವ್ವ," ಎಂದರು ಅತ್ತೆ.

ಅಪ್ಪ ಚಾಕು ತಂದರೆ ಅತ್ತೆ ಬೇಡವೆಂದರು, ಬಣ್ಣ ಕಿತ್ತುಬರುತ್ತದಂತೆ. ಬಿಸಿನೀರಿನ ಬಟ್ಟೆ ಒತ್ತಿ, ಅಂಚನ್ನು ಉಗುರಿನಲ್ಲಿ ಎಬ್ಬಿಸಿ ಮೆಲ್ಲಗೆ ಎಳೆದರು. ಉಳಿದ ಅಂಟಿಗೆ ಎಣ್ಣೆ ಸವರಿ ಒರೆಸಿದರು. ಒಂದು ಗೀರೂ ಬೀಳಲಿಲ್ಲ. ಆಮೇಲೆ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಬೀದಿಯಲ್ಲೇ ಹೊರಟರು.

"ಅಮ್ಮ, ಇಲ್ಲಿ ಎಲ್ ಬೋರ್ಡ್ ಅಂಟಿಸ್ಲಾ?" ಎಂದು ಈಗ ಮಗಳು ಸ್ಟಿಕ್ಕರ್ ಬಿಡಿಸಿದ ಜಾಗ ತೋರಿಸಿ ಕೇಳುತ್ತಿದ್ದಾಳೆ. ಕೀಯನ್ನು ಅವಳ ಕೈಗೇ ಕೊಟ್ಟೆ.