ಗೇಟಿನ ಹೊರಗೆ ನಿಂತ ಗೋಲ್‌ಕೀಪರ್

ಶರತ್, ನೀನು ಆ ಫುಟ್‌ಬಾಲ್ ಫೈನಲನ್ನು ಎದುರು ತಂಡಕ್ಕೆ ಮಾರಿಕೊಳ್ಳಲಿಲ್ಲ. ಅದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ, ನೀನು ಮಾರಿಕೊಂಡೆ ಎಂಬ ಮಾತನ್ನು ಹುಟ್ಟಿಸಿದವನು ನಾನು.

ಇಷ್ಟು ವರ್ಷ ಬಾಯಿಬಿಡದವನು ಈಗ ಯಾಕೆ ಬರೆಯುತ್ತಿದ್ದಾನೆ ಎಂದು ನಿನಗೆ ಅನುಮಾನ ಬರಬಹುದು. ಬರಲಿ. ಅನುಮಾನ ನನ್ನ ಹುಟ್ಟುಗುಣ, ಅದರ ಕಾಟ ಎಷ್ಟೆಂದು ನನಗೆ ಗೊತ್ತು. ಟಾಸ್ ಹಾಕುವ ನಾಣ್ಯವನ್ನೂ ನಂಬದ ಅಭಿಮಾನಿ ನಾನು. ಲೀಗ್ ಹಂತದಲ್ಲಿ ಎಲ್ಲರನ್ನೂ ಸೋಲಿಸಿ ಬಂದ ನಮ್ಮ ಕಾಲೇಜಿಗೆ ನಾಕೌಟಿನಲ್ಲಿ ಗಟ್ಟಿ ತಂಡವೇ ಯಾಕೆ ಎದುರು ಬಿತ್ತು, ಚೀಟಿ ಎತ್ತಿದ ಕೈ ಯಾರದ್ದು — ಹೀಗೆ ತಲೆ ಕೆಡಿಸಿಕೊಳ್ಳುತ್ತಿದ್ದೆ. ಕಾರ್ಕಳದ ಮಣ್ಣಿನ ರೇಸ್ ಟ್ರ್ಯಾಕಿನಲ್ಲಿ ಹಳೆಯ ಕಾರುಗಳು ಧೂಳೆಬ್ಬಿಸಿಕೊಂಡು ಸುತ್ತುವಾಗ ಉಳಿದವರೆಲ್ಲ ಶಿಳ್ಳೆ ಹೊಡೆದರೆ, ನಾನು ಬಾನೆಟ್ಟಿನೊಳಗೆ ಬೇರೆ ಎಂಜಿನ್ ಕೂರಿಸಿದ್ದಾರೋ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. "ನಿನಗೆ ಆಟ ನೋಡ್ಲಿಕ್ಕೆ ಬರುವುದಿಲ್ಲ ಮಾರಾಯ, ಕಳ್ಳನನ್ನು ಹುಡುಕ್ಲಿಕ್ಕೆ ಮಾತ್ರ ಬರ್ತದೆ" ಎಂದು ನೀನು ನಗುತ್ತಿದ್ದೆ.

ಪರ್ಕಳದ ಒಂದೇ ಬಾಡಿಗೆ ಕೋಣೆಯಲ್ಲಿ ಇದ್ದವರು ನಾವು. ನೀನು ತಂಡದ ಗೋಲ್‌ಕೀಪರ್. ನಾನು ಆಡಲು ಬಾರದವನು, ಆದರೆ ಗ್ಯಾಲರಿಯಲ್ಲಿ ಡೋಲು ಬಡಿಯುವವನು. ಆ ಡೋಲಿನ ದೆಸೆಯಿಂದ ತಂಡದ ಬಸ್ಸಿನಲ್ಲಿ ನನಗೂ ಒಂದು ಸೀಟಿತ್ತು. ಅದು ನನಗೆ ಎಷ್ಟು ದೊಡ್ಡದಾಗಿತ್ತು ಎಂದರೆ — ಮುಂದೆ ಹೇಳುತ್ತೇನೆ.

ಫೈನಲಿನ ಹಿಂದಿನ ದಿನ, ಮುಂಬೈಯಲ್ಲಿದ್ದ ನಿನ್ನ ಸೋದರಮಾವ ತೀರಿಕೊಂಡ ಸುದ್ದಿ ಬಂತು. ಫೋನಿನಲ್ಲಿ ನಿನ್ನ ಅಮ್ಮ ಅತ್ತದ್ದು ಕೋಣೆಯ ನನ್ನ ಮೂಲೆಗೂ ಕೇಳಿತು. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಕುಟುಂಬ ನಿಮ್ಮದು. ಮಾವ ಹೋದರೆ ಸೂತಕ ನಿನಗೆ. ನೀನು ಫೋನಿಟ್ಟು ಹೇಳಿದೆ: "ನಾಳೆ ನಾನು ಆಡ್ತೇನೆ. ಮಾವನಿಗೂ ಅದೇ ಆಸೆ ಇತ್ತು. ಆದ್ರೆ ಆಟದ ಮೊದಲು ಗುಡಿಗೆ ಹೋಗುವಾಗ ಒಳಗೆ ಬರುವುದಿಲ್ಲ. ನೀನು ಯಾರಿಗೂ ಹೇಳ್ಬೇಡ — ಗೊತ್ತಾದ್ರೆ ಅಪಶಕುನ ಅಂತ ಹುಡುಗರು ಹೆದರ್ತಾರೆ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಫೈನಲಿಗೆ ಮೊದಲು ಕಾಪು ಕಡೆಯ ಒಂದು ಸಣ್ಣ ಗುಡಿಯಲ್ಲಿ ಕಾಯಿ ಒಡೆಸಿ, ಗೋಲ್‌ಕೀಪರನ ಗ್ಲೌಸನ್ನು ದೇವರ ಎದುರು ಇಟ್ಟು ತೆಗೆಯುವುದು ನಮ್ಮ ತಂಡದ ಕ್ರಮ. ಎಲ್ಲರೂ ಒಳಗೆ ಹೋದರು. ನೀನು ಗ್ಲೌಸ್ ಕೊಡದೆ ಗೇಟಿನ ಹೊರಗೇ ನಿಂತೆ. ಕ್ಯಾಪ್ಟನ್ ನವೀನಣ್ಣ ಹೊರಗೆ ಬಂದು ಪ್ರಸಾದ ನೀಡಿದಾಗ ನೀನು "ಬೇಡಣ್ಣ" ಎಂದು ಕೈ ಹಿಂದೆ ತೆಗೆದುಕೊಂಡೆ. ಎಲ್ಲರೂ ನೋಡಿದರು. ಯಾಕೆಂದು ಗೊತ್ತಿದ್ದವನು ನಾನೊಬ್ಬನೇ.

ಆ ಸಂಜೆ, ಆಟ ಮುಗಿಯುವ ಹೊತ್ತಿಗೆ, ಸಣ್ಣ ಮಕ್ಕಳೂ ಹಿಡಿಯುವಂಥ ಒಂದು ಚೆಂಡು ನಿನ್ನ ಕೈಯಿಂದ ಜಾರಿ ಗೋಲಿನ ಒಳಗೆ ಹೋಯಿತು; ನಾವು ಸೋತೆವು. ನನ್ನ ಡೋಲು ನಿಂತಿತು. ತಲೆ ಮಾತ್ರ ನಿಲ್ಲಲಿಲ್ಲ. ಕೆಲವು ದಿನಗಳ ಹಿಂದೆ ಕಾರ್ಕಳದಲ್ಲಿ, ಎದುರು ತಂಡದ ಕ್ಯಾಪ್ಟನ್‌ನ ರೇಸ್ ಕಾರಿನಲ್ಲಿ ನೀನು ಕುಳಿತದ್ದನ್ನು ಕಂಡಿದ್ದೆ. ನೀನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ — ಕೇಳಿದ್ದರೆ ಅನುಮಾನವೇ ಮುಗಿದುಹೋಗುತ್ತಿತ್ತಲ್ಲ! ಹಾಗಾದರೆ ಸೂತಕವೂ ನಾಟಕವೇ? ಇಲ್ಲ. ನಿನ್ನ ಅಮ್ಮ ಅತ್ತದ್ದನ್ನು ನಾನೇ ಕೇಳಿದ್ದೆ; ಮಾವನ ಆಸೆಗೆಂದು ಆಡಿದವನು ಆಟ ಮಾರುವವನಲ್ಲ. ಆ ಅನುಮಾನಕ್ಕೆ ನಿಲ್ಲಲು ನೆಲವೇ ಇರಲಿಲ್ಲ.

ಡ್ರೆಸ್ಸಿಂಗ್ ರೂಮಿನಲ್ಲಿ ನವೀನಣ್ಣ ನನ್ನ ಕಡೆ ತಿರುಗಿದರು. "ದೇವರ ಎದುರು ಬರ್ಲಿಕ್ಕೆ ಇವನಿಗೆ ಎಂತ ಹೆದರಿಕೆ? ನೀನು ಒಟ್ಟಿಗೆ ಇರುವವ. ನಿನಗೆ ಎಂತಾದ್ರೂ ಗೊತ್ತುಂಟಾ?"

ನೀನು ನನ್ನನ್ನು ನೋಡಿದೆ. ಸೂತಕದ ವಿಷಯ ನೀನೇ ಹೇಳಿದ್ದರೆ ಅದು ಸೋತವನ ನೆಪವಾಗುತ್ತಿತ್ತು. ನನ್ನ ಬಾಯಿಂದ ಬಂದಿದ್ದರೆ ನಂಬುತ್ತಿದ್ದರು. ಆದರೆ ಆಮೇಲೆ? ಸೂತಕ ಇದ್ದದ್ದು ಗೊತ್ತಿದ್ದೂ ಮುಚ್ಚಿಟ್ಟು ತಂಡವನ್ನು ಸೋಲಿಸಿದವನು ನಾನು ಎನ್ನುತ್ತಿದ್ದರು. ಬಸ್ಸಿನ ಆ ಸೀಟು, ಆ ಡೋಲು —

"ಗೊತ್ತಿಲ್ಲಣ್ಣ," ಎಂದೆ. "ಆದ್ರೆ ಮೊನ್ನೆ ಕಾರ್ಕಳದಲ್ಲಿ ಇವನನ್ನು ಅವರ ಕ್ಯಾಪ್ಟನ್‌ನ ಕಾರಲ್ಲಿ ನೋಡಿದ್ದೇನೆ."

"ಹೌದು, ಕೂತಿದ್ದೆ" ಎಂದೆ ನೀನು. ಅಷ್ಟೇ. ಗ್ಲೌಸನ್ನು ಬೆಂಚಿನ ಮೇಲಿಟ್ಟು ಹೊರಟುಹೋದೆ. ಆ ವಾರವೇ ಕೋಣೆ ಬಿಟ್ಟೆ. ಫುಟ್‌ಬಾಲ್ ಮತ್ತೆ ಮುಟ್ಟಲಿಲ್ಲ. ನನ್ನ ಸೀಟು ಮಾತ್ರ ಉಳಿಯಿತು. ಪದವಿ ಮುಗಿಯುವವರೆಗೂ ನಾನು ಡೋಲು ಬಡಿದೆ.

ಮುಂದೆ ನೀನು ರೇಸಿಗೆ ಇಳಿದೆ. ಆ ದಿನ ಆ ಕಾರಿನಲ್ಲಿ ಕುಳಿತದ್ದು ಸ್ಟಿಯರಿಂಗ್ ಕಲಿಯಲು ಎಂದು ಯಾರೋ ಹೇಳಿದರು. ನಿನ್ನ ರೇಸಿಗೆ ಪ್ರತಿ ಸಲ ಬರುತ್ತೇನೆ. ಹಗ್ಗದ ಆಚೆ, ಕ್ಯಾಪ್ ಮುಖಕ್ಕೆ ಎಳೆದುಕೊಂಡು ನಿಲ್ಲುತ್ತೇನೆ. ಈ ಸಲ ಕೊನೆಯ ಸುತ್ತಿನವರೆಗೂ ನೀನೇ ಮುಂದಿದ್ದೆ. ತಿರುವಿನಲ್ಲಿ ಕಾರು ಜಾರಿತು, ಹಿಂದಿನವನು ದಾಟಿಹೋದ. ನನ್ನ ಪಕ್ಕದಲ್ಲಿ ಮೀಸೆ ಚಿಗುರುತ್ತಿದ್ದ ಒಬ್ಬ ತನ್ನ ಗೆಳೆಯನಿಗೆ ಹೇಳಿದ: "ಇವ ಬೇಕಂತಲೇ ಬಿಟ್ಟದ್ದು. ಹಿಂದೆ ಫುಟ್‌ಬಾಲ್ ಫೈನಲ್ ಮಾರಿದವನಂತೆ, ಗೊತ್ತುಂಟಲ್ಲ?"

ನನ್ನ ಮಾತು ಅದು. ಆ ಮಾತು ನನ್ನ ಬಾಯಿಂದ ಬಂದ ದಿನ ಆ ಹುಡುಗ ಶಾಲೆಯ ಮುಖವನ್ನೂ ಕಂಡಿರಲಿಲ್ಲ. ಅಲ್ಲೂ ನಾನು ಸುಮ್ಮನಿದ್ದೆ. ಅದಕ್ಕಿಂತಲೂ ನಾಚಿಕೆಯದ್ದು ಇದೆ — ಒಂದು ಕ್ಷಣ ನನಗೂ ಅನಿಸಿತು: ಬಿಟ್ಟುಕೊಟ್ಟನೋ ಏನೋ. ಸುಳ್ಳು ಹುಟ್ಟಿಸಿದವನೇ ಅದನ್ನು ನಂಬಲು ಹೊರಟಿದ್ದೆ. ಅವತ್ತು ನನ್ನ ಬಗ್ಗೆಯೇ ನನಗೆ ಅಸಹ್ಯವಾಯಿತು.

ನಮ್ಮ ಕಾಲೇಜಿನ ಹುಡುಗರಿಗೆ ಕೀಪಿಂಗ್ ಕಲಿಸುತ್ತೇನೆ ಎಂದು ನೀನು ಕೇಳಿದ್ದೆಯಂತೆ. ಹಳೆಯ ಆಟಗಾರರು ಸೇರಿ "ಅವನು ಬೇಡ" ಎಂದರಂತೆ. ಮೊದಲು ಹಾಗೆಂದವರು ನವೀನಣ್ಣ. ಅವರದ್ದೇನೂ ತಪ್ಪಿಲ್ಲ; ನಾನು ಹೇಳಿದ್ದನ್ನು ನಂಬಿದರು.

ಈ ಭಾನುವಾರ ಕಾಲೇಜು ಮತ್ತೆ ಫೈನಲ್ ಆಡುತ್ತಿದೆ. ಆಟಕ್ಕೆ ಮೊದಲು ತಂಡ ಅದೇ ಗುಡಿಗೆ ಹೋಗುತ್ತದೆ; ನವೀನಣ್ಣ, ಉಳಿದ ಹಳಬರು, ಎಲ್ಲರೂ ಬರುತ್ತಾರೆ. ನನಗೂ ಕರೆ ಬಂದಿದೆ. ನೀನು ಬರಬೇಕಾಗಿಲ್ಲ. ಇದನ್ನು ನಂಬಬೇಕಾಗಿಯೂ ಇಲ್ಲ; ನಿನ್ನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಅವರೆಲ್ಲ ಒಳಗೆ ಹೋಗುತ್ತಾರೆ. ನಾನು ಗೇಟಿನ ಹೊರಗೆ, ನೀನು ನಿಂತಿದ್ದಲ್ಲೇ ನಿಲ್ಲುತ್ತೇನೆ. ನವೀನಣ್ಣ ಪ್ರಸಾದ ಹಿಡಿದು ಹೊರಗೆ ಬರುತ್ತಾರೆ. ನಾನು ಕೈ ಚಾಚುವುದಿಲ್ಲ. "ಎಂತಕ್ಕೆ?" ಎಂದು ಕೇಳುತ್ತಾರೆ.

ಆಗ ಹೇಳುತ್ತೇನೆ.