ಕಲ್ಲಿಗೆ ಮುಡಿಸಿದ ಚೆಂಡುಹೂವು

ಚೆಂಡುಹೂವಿನ ಘಾಟು ಮೂಗಿಗೆ ಬಡಿದರೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ಮಾತ್ರ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ನಗು ಬರುತ್ತದೆ. ಇವತ್ತು ಆಯುಧಪೂಜೆ. ಕುಂದಾಣದ ನಮ್ಮ ಮನೆಯಂಗಳದಲ್ಲಿ ಅಮ್ಮ ಟ್ರ್ಯಾಕ್ಟರಿಗೆ, ಮಿಕ್ಸಿಗೆ, ಕುಡುಗೋಲಿಗೆ ಹೂವು ಹಂಚುತ್ತಿದ್ದಾಳೆ.

ಪಿಎಚ್‌ಡಿ ಮಾಡುತ್ತಿದ್ದ ಕಾಲದಲ್ಲಿ ತಮಿಳುನಾಡಿನ ಕರಾವಳಿಯಿಂದ ನಾನು ಪದರ ಪದರವಾದ ಜೇಡಿಕಲ್ಲು ಹೊತ್ತು ತಂದಿದ್ದೆ. ಅಮ್ಮನಿಗೆ ಮರ್ಯಾದೆಯೇ ಹೋದಂತಾಗಿತ್ತು. "ಊರ್ ತುಂಬಾ ಬಂಡೆ ಬಿದ್ದವೆ, ನೀನು ಅಲ್ಲಿಂದ ಕಲ್ಲು ಹೊತ್ಕೊಂಡ್ ಬಂದಿದ್ದೀಯಲ್ಲೇ!"

ನಮ್ಮ ಬಂಡೆಯೊಳಗೆ ಪರಾಗ ಇರುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ನದಿ ತಂದು ಹಾಸಿದ ಕೆಸರು ಕಲ್ಲಾದರೆ ಅಂದು ಉದುರಿದ ಪರಾಗವೂ ಅದರೊಳಗೇ ಉಳಿದುಬಿಡುತ್ತದೆ. ಮರಳಿನ ಪದರಗಳು ಅಲ್ಲಿ ನದಿ ಇತ್ತೆಂದು ಆಗಲೇ ಹೇಳಿದ್ದವು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಪರಾಗವೂ ಸಿಕ್ಕರೆ, ಕೋಟ್ಯಂತರ ವರ್ಷಗಳ ಹಿಂದೆ ಆ ನದಿ ಅಲ್ಲೇ ಕವಲೊಡೆದು ಸಮುದ್ರ ಸೇರುತ್ತಿತ್ತು ಎಂಬ ನನ್ನ ವಾದ ಗೆದ್ದಂತೆ. ಸಿಗದಿದ್ದರೆ ಪಿಎಚ್‌ಡಿಗೆ ಎಳ್ಳುನೀರು.

ಒಂದನ್ನು ಬಿಟ್ಟು ಉಳಿದ ಕಲ್ಲಿನ ತುಂಡುಗಳೆಲ್ಲ, ಪರಾಗವನ್ನು ಮಾತ್ರ ಉಳಿಸುವ ಆಸಿಡ್ಡಿನಲ್ಲಿ ಕರಗಿ ಏನನ್ನೂ ಕೊಡದೆ ಹೋದವು. ಆ ಕೊನೆಯ ತುಂಡನ್ನು ಆ ವರ್ಷದ ಆಯುಧಪೂಜೆಗೆ ಮನೆಗೆ ಬಂದಾಗಲೂ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಲ್ಯಾಬಿಗೆ ಮರಳಿ, ಅದರ ಅಂಚನ್ನು ಕೆರೆದು ಕರಗಿಸಿ ನೋಡಿದರೆ, ಮೈತುಂಬ ಮುಳ್ಳಿರುವ ದುಂಡು ಪರಾಗ, ರಾಶಿ ರಾಶಿ! ನನ್ನ ಮೇಷ್ಟ್ರು ಸೂಕ್ಷ್ಮದರ್ಶಕದೊಳಗೆ ಇಣುಕಿದರು.

"ಏನಮ್ಮಾ, ನಿಮ್ಮ ನದಿ ದಡದಲ್ಲಿ ಚೆಂಡುಹೂವಿನ ತೋಟ ಇತ್ತಾ? ಈಗಿನ ಹೂವಿನ ಪುಡಿ ಮೆತ್ತಿ ಈ ಕಲ್ಲು ಕೆಟ್ಟಿದೆ, ಬಿಸಾಕಿ. ಸಮುದ್ರದ ಆಸೇನೂ ಬಿಟ್ಬಿಡಿ."

ಮನೆಗೆ ಫೋನು ಮಾಡಿದೆ. ಅಮ್ಮ ಹೆಮ್ಮೆಯಿಂದಲೇ ಒಪ್ಪಿಕೊಂಡಳು. "ಹೂ ಮಡಗಿದ್ದೆ ಕಣೇ. ನಿನ್ ಕಸುಬು ಅದೇ ಅಲ್ವಾ? ಸುತ್ತಿಗೆಗೂ ಇಟ್ಟೆ, ಕಲ್ಲಿಗೂ ಇಟ್ಟೆ. ನೀನು ಬೈತೀಯ ಅಂತ ಆಮೇಲೆ ಸೆರಗಲ್ಲಿ ಒರೆಸ್ಬಿಟ್ಟೆ."

ಬಾಯಿಗೆ ಬಂದಂತೆ ಬೈದೆ, ಆಮೇಲೆ ಅತ್ತುಬಿಟ್ಟೆ. ಅತ್ತು ಮುಗಿಯುವಾಗ ಹೊಳೆಯಿತು: ಪೂಜೆಯಾದದ್ದು ಹೊರಮೈಗೆ ತಾನೆ? ಕಲ್ಲು ಉಳಿಸುವ ಜಿಪುಣತನದಲ್ಲಿ ನಾನು ಕೆರೆದದ್ದೂ ಅದನ್ನೇ! ಈ ಸಲ ಉಳಿ ಇಟ್ಟು ಪದರ ಸೀಳಿ, ನಟ್ಟನಡುವಿನ ಚೂರು ತೆಗೆದು ಕರಗಿಸಿದೆ. ಮುಳ್ಳಿನ ಪರಾಗ ಒಂದೂ ಇರಲಿಲ್ಲ. ಇದ್ದದ್ದು ಪುಟ್ಟದಾದ, ನುಣುಪಾದ ಕಾಂಡ್ಲಾ ಪರಾಗ, ಗುಂಪು ಗುಂಪಾಗಿ! ನಾನು ಕಿರುಚಿದ್ದು ಕಾರಿಡಾರಿನ ಕೊನೆಯವರೆಗೂ ಕೇಳಿತಂತೆ. ಮೇಷ್ಟ್ರು ಓಡಿ ಬಂದು ನೋಡಿ, "ಸಮುದ್ರಕ್ಕೇ ಕರ್ಕೊಂಡ್ ಹೋಗ್ಬಿಟ್ರಲ್ಲಮ್ಮಾ!" ಎಂದು ಕೈ ಕುಲುಕಿದರು.

ಈ ಹಬ್ಬಕ್ಕೆ ಸೂಕ್ಷ್ಮದರ್ಶಕವನ್ನೇ ಮನೆಗೆ ತಂದಿದ್ದೇನೆ. ಈಗಷ್ಟೇ ಅಮ್ಮ ಒಂದು ಕಣ್ಣು ಮುಚ್ಚಿ ಕಾಂಡ್ಲಾ ಪರಾಗವಿದ್ದ ಆ ಹಳೆಯ ಸ್ಲೈಡನ್ನು ನೋಡಿದಳು.

"ಇದೂ ಹೂವಿನ ಪುಡೀನೇ ತಾನೆ?"

"ಹೂಂ. ಕಲ್ಲೊಳಗೇ ಇತ್ತು."

"ಹಂಗಾದ್ರೆ ಅವತ್ತು ನನ್ ಯಾಕೆ ಬೈದೆ? ಆ ಕಲ್ಲಿಗೆ ಮೊದ್ಲು ಹೂ ಮುಡಿಸ್ದೋಳು ನಾನಲ್ವಲ್ಲ!"

ಉಳಿದಿದ್ದ ಕಲ್ಲಿನ ಚೂರನ್ನು ಬ್ಯಾಗಿನಿಂದ ತೆಗೆದು ಟ್ರ್ಯಾಕ್ಟರಿನ ಪಕ್ಕದಲ್ಲಿಟ್ಟೆ. ಬುಟ್ಟಿಯಿಂದ ಎಲ್ಲಕ್ಕಿಂತ ದೊಡ್ಡ ಚೆಂಡುಹೂವನ್ನು ಆರಿಸಿ, ಕಲ್ಲಿನ ನೆತ್ತಿಗೆ ನಾನೇ ಮುಡಿಸಿದೆ.