ಕಾದು ಆರುವ ಲ್ಯಾಪ್‌ಟಾಪ್ ಮತ್ತು ನನ್ನ ಗುಮಾನಿ

ನಾನು ಯಾರನ್ನೂ ಬೇಗ ನಂಬುವವನಲ್ಲ. ಹಾಲಿನವನು ಅಳೆಯುವಾಗ ಮಾಪಿನ ತಳ ಬಗ್ಗಿ ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವನು ಕಣ್ಣು ಮುಚ್ಚಿದರೆ ನಿಜವಾಗಿ ನಿದ್ದೆ ಬಂತೋ, ಇಲ್ಲ ನನ್ನ ಜೇಬಿನ ಮೇಲೆ ಕಣ್ಣೋ ಎಂದು ಯೋಚಿಸುತ್ತೇನೆ. ಹೀಗಿರುವಾಗ ಮನೆಯ ಲ್ಯಾಪ್‌ಟಾಪ್ ಕಾದ ಹಂಚಿನಂತಾಗಿ ತಾನಾಗಿಯೇ ಆರಿಹೋಗತೊಡಗಿದರೆ ಸುಮ್ಮನಿರುತ್ತೇನೆಯೇ?

ನಾವಿರುವುದು ವಾಡಿಯಲ್ಲಿ, ನನ್ನ ಕಚೇರಿ ಚಿತ್ತಾಪುರದಲ್ಲಿ. ಮೊದಲ ಗುಮಾನಿ ಊರಿನ ಸಿಮೆಂಟ್ ಕಾರ್ಖಾನೆಯ ಧೂಳಿನ ಮೇಲೆ. ನಮ್ಮೂರಲ್ಲಿ ಏನು ಕೆಟ್ಟರೂ ಅದನ್ನೇ ಬೈಯುವುದು ರೂಢಿ. ಎರಡನೆಯದು ಕರೆಂಟಿನ ಮೇಲೆ. ಮೂರನೆಯದು, ಹೇಳಲು ನಾಚಿಕೆಯಾಗುತ್ತದೆ, ಹೆಂಡತಿಯ ಮೇಲೆ. ಮನೆಯಲ್ಲಿರುವುದು ನಾವಿಬ್ಬರೇ. ಸಂಜೆ ನಾನು ಬಂದು ಮುಟ್ಟುವಾಗಲೇ ಲ್ಯಾಪ್‌ಟಾಪ್ ಬೆಚ್ಚಗಿರುತ್ತಿತ್ತು, ತೆರೆದ ಹತ್ತು ನಿಮಿಷಕ್ಕೆ ಆರುತ್ತಿತ್ತು. ಕೇಳಿದರೆ, ಬೇಸಿಗೆಯಲ್ಲಿ ಗೋಡೆಯೂ ಬೆಚ್ಚಗಿರುತ್ತದೆ, ಅದನ್ನೂ ರಿಪೇರಿಗೆ ಒಯ್ಯುತ್ತೀರೇನು ಎಂದಳು. ಮಾತು ಸರಿಯೇ. ಆದರೆ ಅಷ್ಟು ಬೇಗ ಉತ್ತರ ಬಂದದ್ದು ನನಗೆ ಹಿಡಿಸಲಿಲ್ಲ.

ಮರುದಿನ ಮುಚ್ಚಳದ ಸಂದಿಗೆ ಒಂದು ಕೂದಲು ಅಂಟಿಸಿ ಕಚೇರಿಗೆ ಹೋದೆ. ಸಂಜೆ ಬಂದಾಗ ಕೂದಲಿರಲಿಲ್ಲ. ಲ್ಯಾಪ್‌ಟಾಪ್ ಹೋದರೆ ಇನ್ನೊಂದು ಬರುತ್ತದೆ. ಹದಿನಾಲ್ಕು ವರ್ಷ ಜೊತೆಗಿದ್ದವಳು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳಲ್ಲ, ಚುಚ್ಚಿದ್ದು ಅದು. ಯಾರ ಜೊತೆ ಮಾತಾಡುತ್ತಾಳೆ? ಛೀ, ಎಂಥ ಮನುಷ್ಯ ನಾನು ಅನ್ನಿಸಿತು. ಅನ್ನಿಸಿದ ಮೇಲೂ ಅನುಮಾನ ಹೋಗಲಿಲ್ಲ. ನಾಳೆ ರಿಪೇರಿಗೆ ಶಹಾಬಾದಿಗೆ ಒಯ್ಯುತ್ತೇನೆ, ಎಂಟು ದಿನ ಅಲ್ಲೇ ಬಿಡುತ್ತೇನೆ ಎಂದು ಬೇಕೆಂದೇ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಎಂಟ್ ದಿನ ಯಾಕ್ರಿ? ನಿಂತು ಮಾಡಿಸ್ಕೊಂಡು ಬರ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಎಂದುಕೊಂಡೆ.

ರಿಪೇರಿಯವನನ್ನಾದರೂ ನಂಬಿದೆನೇ? ಒಳಗಿನ ಒಳ್ಳೆಯ ಸಾಮಾನು ತೆಗೆದು ಹಳೆಯದು ಕೂಡಿಸಿಬಿಟ್ಟರೆ ಎಂದು ಅವನೆದುರಿಗೇ ಸ್ಟೂಲ್ ಎಳೆದುಕೊಂಡು ಕುಳಿತೆ. ಅವನು ತಳ ಬಿಚ್ಚಿ, ಫ್ಯಾನಿನ ಸಂದಿಗಳಲ್ಲಿ ಮೆತ್ತಿಕೊಂಡಿದ್ದ ಬಿಳಿ ಪದರನ್ನು ಬ್ರಷ್ಷಿನಿಂದ ಕೆರೆದ. ಗಾಳಿ ಹೋಗಲು ದಾರಿಯೇ ಇಲ್ಲ, ಅದಕ್ಕೇ ಕಾದು ಆರುತ್ತದೆ ಎಂದ. ನೋಡಿದೆಯಾ, ಸಿಮೆಂಟು ಎಂದೆ. ಅವನು ಒಂದು ಚೂರನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದ.

"ಸಿಮೆಂಟ್ ಅಲ್ರಿ ಸರ್, ಜ್ವಾಳದ ಹಿಟ್ಟದ. ಅಡಗಿಮನ್ಯಾಗ ಇಟ್ಟು ನಡಸ್ತಾರೇನ್ರಿ?"

ಮನೆಗೆ ಬಂದು ಅದನ್ನೇ ಹೇಳಿದೆ. ಹೆಂಡತಿ ಒಳಗೆ ಹೋಗಿ ದಪ್ಪನೆಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಶಿಕ್ಷಕರ ನೇಮಕಾತಿ ಪರೀಕ್ಷೆಯ ಟಿಪ್ಪಣಿಗಳು, ಹಾಳೆಯ ಅಂಚಿನಲ್ಲೆಲ್ಲ ಹಿಟ್ಟಿನ ಬೆರಳಚ್ಚು. ಮದುವೆಗೆ ಮುಂಚೆಯೇ ಬಿ.ಎಡ್. ಮುಗಿಸಿದ್ದವಳು ಅವಳು. ಮಧ್ಯಾಹ್ನ ಕಡಕ್ ರೊಟ್ಟಿ ಬಡಿಯುತ್ತ ಲ್ಯಾಪ್‌ಟಾಪಿನಲ್ಲಿ ಪಾಠ ಕೇಳುತ್ತಿದ್ದಳಂತೆ, ಆರು ತಿಂಗಳಿನಿಂದ. ನನಗೇಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ಯಾಕೆ, ಯಾರು ಹೇಳಿಕೊಟ್ಟರು, ಎಷ್ಟು ಹೊತ್ತು ಕೂಡುತ್ತೀ ಎಂದು ದಿನಾ ಕೇಳುತ್ತಿದ್ದಿರಿ ಎಂದಳು.

ಪರೀಕ್ಷೆ ಬರುವ ಐತವಾರವೇ ಇತ್ತು, ಕಲಬುರಗಿಯಲ್ಲಿ. ರಜೆಯಿದೆ, ನಾನೂ ಬಂದು ಹೊರಗೆ ಕೂಡುತ್ತೇನೆ ಎಂದೆ. ಈ ಸಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ.

"ಬ್ಯಾಡ್ರಿ, ನಾ ಒಬ್ಬಾಕೀನೇ ಹೋಗ್ತೀನಿ. ನೀವ್ ಬಂದ್ರ ನನಗ ಅಂಜಿಕಿ ಬರ್ತದ."

ಇಷ್ಟು ಓದಿದ್ದೀ, ಪರೀಕ್ಷೆಗೆ ಏನು ಅಂಜಿಕೆ ಎಂದೆ.

"ಪರೀಕ್ಷಾಕ್ಕಲ್ರಿ," ಅಂದಳು.